ಒಂದು ಬೆರಳು ದಪ್ಪದ ಬೇಸಿಗೆ

ಧರಣೇಂದ್ರಯ್ಯ ಕಡಲ ತಳದ ಕೆಸರನ್ನು ಓದುತ್ತಿದ್ದರು. ಜೀವನವಿಡೀ ಮಾಡಿದ್ದು ಅದೊಂದೇ ಕೆಲಸ.

ಮೂವತ್ತು ವರ್ಷದ ಹಿಂದೆ ಅವರು ಹಡಗು ಹತ್ತಿ ದಕ್ಷಿಣ ಧ್ರುವದ ಹತ್ತಿರದ ಒಂದು ಕೊಲ್ಲಿಗೆ ಹೋಗಿದ್ದರು. ನೀರಿನ ತಳಕ್ಕೆ ಉದ್ದನೆಯ ಕೊಳವೆ ಇಳಿಸಿ, ಪದರ ಕೆಡದಂತೆ ಕೆಸರನ್ನು ಎತ್ತಿ ತಂದಿದ್ದರು. ಮೇಲಿನ ಪದರ ಹೊಸದು. ಕೆಳಗೆ ಇಳಿದಷ್ಟೂ ಹಳೆಯ ಕಾಲ.

ಅದನ್ನು ಪರೀಕ್ಷಿಸಿ ಅವರು ಒಂದು ಮಾತು ಬರೆದರು. ಹಿಮಯುಗದಲ್ಲಿ ಆ ಕೊಲ್ಲಿಯ ಮೇಲಿನ ಮಂಜುಗಡ್ಡೆ ಒಂದು ಬೇಸಿಗೆಯಲ್ಲೂ ಬಿರಿಯಲಿಲ್ಲ ಎಂದು. ಎಲ್ಲರೂ ಅದನ್ನು ಒಪ್ಪಿಕೊಂಡರು.

ಈಗ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಕಡಲ ದಂಡೆಯ ಪ್ರಯೋಗಾಲಯದಲ್ಲಿ ಕಿಟಕಿಯ ಪಕ್ಕ ಕೂತಿರುತ್ತಿದ್ದರು.

ಗದಗದ ಕಡೆಯಿಂದ ಬಸವಂತ ಎಂಬ ಶಿಷ್ಯ ಬಂದ. ಕೊಳವೆಯ ಕೆಸರನ್ನು ಅಂದು ಉದ್ದಕ್ಕೆ ಸೀಳಿ, ಒಂದು ಹೋಳನ್ನು ಮುಟ್ಟದೆ ತಂಪಿನ ಕೋಣೆಯಲ್ಲಿ ಇಟ್ಟಿದ್ದರು. ಅದನ್ನು ಬೆರಳಿನಷ್ಟು ಬೆರಳಿನಷ್ಟೇ ಸೂಕ್ಷ್ಮದರ್ಶಕದಲ್ಲಿ ನೋಡಿ ಗುರುಗಳಿಗೆ ಹೇಳುವುದು ಅವನ ಕೆಲಸ.

ಮೊದಲ ದಿನ, ಹಿಮಯುಗದ ಪದರಗಳು ಶುರುವಾಗುವಲ್ಲಿಂದ, ಬಸವಂತ, "ಬೂದು ಬಣ್ಣದ ಜೇಡಿ, ಸಣ್ಣ ಹರಳು" ಎಂದು ಓದತೊಡಗಿದ.

ಗುರುಗಳು ತಡೆದರು. "ಹಾಗಲ್ಲ. ಅಲ್ಲಿಗೆ ಹೋಗಿ ನಿಂತುಕೊ. ನಿಂತು ಹೇಳು."

"ಎಲ್ಲಿಗ್ರಿ?"

"ಆ ಕೆಸರು ಬಿದ್ದ ದಿನಕ್ಕೆ."

ಬಸವಂತ ಕಣ್ಣು ಮುಚ್ಚಿದ. ತುಸು ಹೊತ್ತಿನ ಮೇಲೆ ಹೇಳಿದ, "ನೀರಿನ ಅಡಿ ನಿಂತೀನ್ರಿ. ತಲಿ ಮ್ಯಾಲೆ ಮಂಜಿನ ಚಾವಣಿ. ಬೆಳಕಿಲ್ಲ. ಮಂಜು ಅರೆದ ಕಲ್ಲಿನ ಹಿಟ್ಟು ಸುಮ್ನ ಇಳೀತೈತಿ."

"ಸದ್ದು?"

"ಇಲ್ರಿ."

"ಸರಿ. ಇನ್ನು ಇಳಿ."

ಹೀಗೆ ಇಬ್ಬರೂ ದಿನಕ್ಕೊಂದಿಷ್ಟು ಇಳಿಯುತ್ತ ಹೋದರು. ಬಸವಂತ ಹೇಳುವನು, ಗುರುಗಳು ಕೇಳುವರು. ಹೊರಗೆ ಬಿಸಿಲು, ಮೀನಿನ ದೋಣಿಗಳ ಕೂಗಾಟ. ಒಳಗೆ ಸಾವಿರ ಸಾವಿರ ವರ್ಷದ ತಂಪು. ಊಟಕ್ಕೆ ಎದ್ದಾಗ ಯಾವ ಕಾಲಕ್ಕೆ ಎದ್ದೆವೆಂದು ಬಸವಂತನಿಗೆ ತಿಳಿಯುತ್ತಿರಲಿಲ್ಲ.

ಒಂದು ಮಧ್ಯಾಹ್ನ, ಹಿಮಯುಗದ ನಟ್ಟನಡುವೆ, ಅವನ ಗಾಜಿನ ಪಟ್ಟಿಯ ಮೇಲೆ ಹೂ ಅರಳಿದಂತೆ ಕಂಡಿತು.

ಚಿಪ್ಪುಗಳು. ಗಾಜಿನಂಥವು, ಬರಿಗಣ್ಣಿಗೆ ಕಾಣದಷ್ಟು ಸಣ್ಣವು. ಜರಡಿಯಂತೆ ತೂತಿದ್ದ ದುಂಡನೆಯ ಬಿಲ್ಲೆಗಳು, ಒಂದಕ್ಕೊಂದು ಕೊಂಡಿ ಹಾಕಿಕೊಂಡ ಸರಗಳು. ಬಿಸಿಲು ಬಿದ್ದ ತೆರೆದ ನೀರಿನಲ್ಲಿ ಮಾತ್ರ ಬೆಳೆಯುವ ಪಾಚಿಯವು.

ಆ ಪದರ ಒಂದು ಬೆರಳು ದಪ್ಪವಿತ್ತು. ಸುಮಾರು ಮುನ್ನೂರು ವರ್ಷ. ಗುರುಗಳು ಅಂದು ಗೇಣಿಗೊಂದು ಚಿಟಿಕೆ ಕೆಸರು ತೆಗೆದು ನೋಡಿದ್ದರು. ಇದು ಎರಡು ಚಿಟಿಕೆಗಳ ನಡುವೆ ತಪ್ಪಿಸಿಕೊಂಡಿತ್ತು.

ಕಿಟಕಿಯ ಪಕ್ಕದಿಂದ ಗುರುಗಳು ಕೇಳಿದರು, "ಎಲ್ಲಿದ್ದೀ?"

ಬಸವಂತ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ ಹೇಳಿದ, "ಅಲ್ಲೇ ಇದೀನ್ರಿ. ಮಂಜಿನ ಕೆಳಗ."

"ಬೆಳಕು?"

"ಇಲ್ರಿ."

ಗುರುಗಳು ತಲೆಯಾಡಿಸಿದರು.

ಅವನು ಪುಸ್ತಕದಲ್ಲಿ ಚಿಪ್ಪಿನ ಲೆಕ್ಕಕ್ಕೆ ಸೊನ್ನೆ ಬರೆದ. ಆದರೆ ಆ ಗಾಜಿನ ಪಟ್ಟಿಯನ್ನು ಎಸೆಯಲು ಕೈ ಬರಲಿಲ್ಲ. ದಿನವೂ ಗುರುಗಳು ಊಟಕ್ಕೆ ಹೋದಾಗ ಅದನ್ನು ತೆಗೆದು ನೋಡುವನು. ಕಾಲು ಅಲ್ಲಾಡಿಸದೆ ನೋಡುವನು. ಅವರ ಹೆಜ್ಜೆಯ ಸಪ್ಪಳ ಕೇಳಿದಾಗ ಡ್ರಾಯರಿಗೆ ಹಾಕುವನು.

ಚಿಪ್ಪು ಕಂಡ ಹನ್ನೆರಡನೆಯ ದಿನ ಗುರುಗಳು ಹೇಳಿದರು, "ಮೊದಲು ನೀನು ಕತ್ತಲೆ ಅಂದರೆ ನನಗೆ ಚಳಿಯಾಗುತ್ತಿತ್ತು. ಈಗ ಆಗುತ್ತಿಲ್ಲ. ಕೆಸರು ತಾ."

"ಯಾವುದ್ರಿ?"

"ಈ ತಿಂಗಳು ನೀನು ನೋಡಿದ್ದೆಲ್ಲ."

ಬಸವಂತ ಟ್ರೇ ತಂದು ಅವರ ಮುಂದಿಟ್ಟ. ಗುರುಗಳು ಮೊದಲ ತುದಿಯಿಂದ ಒಂದು ಸಾಸಿವೆಯಷ್ಟು ಕೆಸರು ತೆಗೆದು ನಾಲಿಗೆಯ ಮೇಲಿಟ್ಟು, ಮುಂದಿನ ಹಲ್ಲುಗಳಲ್ಲಿ ಮೆಲ್ಲಗೆ ಕಡಿದರು. ಹಡಗಿನಲ್ಲಿ ಕಲಿತ ಹಳೆಯ ರೂಢಿ; ಕೆಸರಿನಲ್ಲಿ ಚಿಪ್ಪಿದ್ದರೆ ಹಲ್ಲಿಗೆ ತಿಳಿಯುತ್ತದೆ. ಬಾಯಿ ಮುಕ್ಕಳಿಸಿ ಮುಂದಕ್ಕೆ ಸರಿದರು.

"ಜೇಡಿ," ಎಂದರು. "ಜೇಡಿ. ಜೇಡಿ."

ಒಂದು ಕಡೆ ಅವರ ಬೆರಳು ನಿಂತಿತು. ಇನ್ನೊಂದು ಸಾಸಿವೆಯಷ್ಟು ತೆಗೆದರು. ಹಲ್ಲಿನ ನಡುವೆ ಗಾಜಿನ ಪುಡಿಯಂಥ ಸಣ್ಣ ಸದ್ದು ಬಸವಂತನಿಗೂ ಕೇಳಿಸಿತು.

"ಎಷ್ಟು ದಪ್ಪ?"

"ಒಂದು ಬೆರಳು, ಸರ್."

"ಯಾವಾಗ ಕಂಡೆ?"

"ಹನ್ನೊಂದು ದಿನ ಆತ್ರಿ."

ಏಕೆ ಮುಚ್ಚಿಟ್ಟೆ ಎಂದು ಗುರುಗಳು ಕೇಳಲಿಲ್ಲ. ಬಸವಂತನೇ ಹೇಳಿದ. "ನೀವು ಬರೆದದ್ದು ಸುಳ್ಳಾಗ್ತೈತ್ರಿ. ಎಲ್ಲಾರೂ ಆ ಮಾತಿಗೆ ನಿಮ್ಮ ಹೆಸರು ಹೇಳ್ತಾರ. ನನ್ನ ಕೈಯಿಂದ ಅದು ಆಗಬಾರ್ದು ಅಂತ."

"ಕೆಸರಿಗೆ ನನ್ನ ಹೆಸರು ಗೊತ್ತಿದೆಯೇ?"

ಬಸವಂತ ಡ್ರಾಯರಿನಿಂದ ಗಾಜಿನ ಪಟ್ಟಿ ತೆಗೆದ.

"ಸೂಕ್ಷ್ಮದರ್ಶಕದ ಮುಂದೆ ಕೂತುಕೊ," ಎಂದರು ಗುರುಗಳು. "ಪಟ್ಟಿ ಇಡು. ಅಲ್ಲಿಗೆ ಹೋಗಿ ನಿಂತು ಹೇಳು."

ಅವನು ಇಟ್ಟ. ಕಣ್ಣಿಟ್ಟು ನೋಡಿದ. ಮಾತು ತಾನಾಗಿಯೇ ಬಂತು.

"ಚಾವಣಿ ಬಿರೀತೈತ್ರಿ. ಗೆರಿ ಗೆರಿ ಬೆಳಕು ಇಳೀತೈತಿ. ನೀರು ಹಸಿರು... ಅಲ್ರಿ, ಹಸಿರಿಗಿಂತ ತಿಳಿ. ಮ್ಯಾಲೆ ಮಂಜಿನ ಹಲಗಿ ತೇಲ್ಕೋತ ಹೊಂಟಾವು. ಚಿಪ್ಪಿನ ಸರ ಎಲ್ಲಾ ಕಡೆ. ಸತ್ತವು ಉದುರ್ತಾವು, ಉದುರಿ ನನ್ನ ಹೆಗಲ ಮ್ಯಾಲೆ ಕೂಡ್ತಾವು. ಎಷ್ಟು ಮೆತ್ತಗ ಅಂದ್ರ, ಭಾರನ ಇಲ್ಲ."

ಗುರುಗಳು ಮುಖ ಮೇಲಕ್ಕೆತ್ತಿ ಕೂತಿದ್ದರು. ಏನೋ ಬೀಳುತ್ತಿದೆ ಎಂಬಂತೆ ಅಂಗೈ ಚಾಚಿದ್ದರು.

ಸಂಜೆಯವರೆಗೆ ಅವನು ಹೇಳಿದ. ಸಂಜೆಯವರೆಗೆ ಅವರು ಕೇಳಿದರು.

ಮರುದಿನ ಬೆಳಿಗ್ಗೆ ಗುರುಗಳು ಪತ್ರ ಬರೆಸಿದರು. 'ಆ ಕೊಲ್ಲಿ ಮುಚ್ಚಿತ್ತು ಎಂದು ನಾನು ಬರೆದಿದ್ದೆ. ನಡುವೆ ಮುನ್ನೂರು ವರ್ಷ ಬೇಸಿಗೆಗಳಲ್ಲಿ ತೆರೆದಿತ್ತು. ಕಂಡವನು ಬಸವಂತ.' ಅಷ್ಟೇ ಇತ್ತು. ಕೈ ಹಿಡಿಸಿಕೊಂಡು ಕೆಳಗೆ ಸಹಿ ಹಾಕಿದರು.

ಬಸವಂತ ಲಕೋಟೆ ಅಂಟಿಸಿದ. ಎದ್ದು ಬಾಗಿಲವರೆಗೆ ಹೋದವನು ನಿಂತ.

"ಸರ್, ನಿಮಗ ಬೇಸರ ಆಗಲಿಲ್ಲೇನ್ರಿ?"

"ಆಯಿತು," ಎಂದರು ಗುರುಗಳು. "ಅಂಥ ಕಡಲು ತೆರೆದಿತ್ತು. ಹನ್ನೊಂದು ದಿನ ನೀನೊಬ್ಬನೇ ನೋಡಿದೆ."