ಸಾಹೇಬರ ಹೆಸರು ಇನ್ನೂ ಕೆಳಗಿದೆ

ಕಚೇರಿಗಳಿಗೆಲ್ಲ ಹಂಚಲು ಹೊಸ ಸಾಫ್ಟ್‌ವೇರ್ ಸಿದ್ಧವಾಯಿತು. ಅದನ್ನು ಹಾಕಿಕೊಂಡವರಿಗೆ ಕಾಣುವ ಸಂದೇಶವನ್ನು ಗುಮಾಸ್ತೆ ಪುಟ್ಟನಂಜಮ್ಮ ಒಂದೇ ಸಾಲಿನಲ್ಲಿ ಬರೆದರು: ‘ಕಂಪ್ಯೂಟರನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿ.’

ಕಚೇರಿಗೆ ಒಂದು ಫ್ಯಾನು ಬಂದರೂ ಉದ್ಘಾಟನೆಯ ಫಲಕ ಹಾಕಿಸುವ ಹಾಲಪ್ಪ ಸಾಹೇಬರು ಕೆರಳಿದರು. “ನನ್ನ ಹೆಸರು ಎಲ್ಲಿದೆಯಮ್ಮಾ?”

“ಹಾಕ್ತೀನಿ ಸಾರ್.”

ಸಂಜೆ ಪುಟ್ಟನಂಜಮ್ಮ ಹೊಸ ಸಂದೇಶ ತೋರಿಸಿದರು. ಮಂತ್ರಿಗಳು, ಶಾಸಕರು, ಆಯುಕ್ತರು... ಆಹ್ವಾನ ಪತ್ರಿಕೆಯಂತೆ ಹೆಸರುಗಳು ಇಳಿಯುತ್ತಲೇ ಇದ್ದವು.

“ನನ್ನದು?”

“ಇನ್ನೂ ಕೆಳಗಿದೆ ಸಾರ್. ಶಿಷ್ಟಾಚಾರದ ಪ್ರಕಾರ ದೊಡ್ಡವರೆಲ್ಲ ಮೇಲೆ ಬರಬೇಕಲ್ಲ.”

ಎಲ್ಲರಿಗಿಂತ ಕೊನೆಯಲ್ಲಿ, ನಲವತ್ತೊಂದನೆಯದಾಗಿ ಸಿಕ್ಕಿತು. ಸಾಹೇಬರ ಮುಖ ಅರಳಿತು. “ಯಾರ ಹೆಸರೂ ಬಿಟ್ಟುಹೋಗಿಲ್ಲ ತಾನೆ?”

“ಗೊತ್ತಿಲ್ಲ ಸಾರ್. ಬಿಟ್ಟುಹೋಗಿದ್ರೆ ಅವರೇ ಫೋನ್ ಮಾಡಿ ಬಯ್ತಾರೆ. ಯಾರಿಗೆ ಮಾಡಬೇಕು ಅಂತ ಅವರು ಹುಡುಕೋ ಕಷ್ಟವಿಲ್ಲ, ಕೊನೆಯಲ್ಲಿ ನಿಮ್ಮ ಹೆಸರಿದೆಯಲ್ಲ.”

ಸಾಹೇಬರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು.

“ಬೆಳಿಗ್ಗೆ ಬರೆದಿದ್ದೆಯಲ್ಲ, ಆ ಒಂದು ಸಾಲು... ಅದೇ ಲಕ್ಷಣವಾಗಿತ್ತು ಕಣಮ್ಮಾ.”