ಸಾಹೇಬರಿಗೆ ಜಕಾತು

ನಮ್ಮ ಓಣ್ಯಾಗ ಕಾಶೀಂಬಿ ಅಂತ ಒಬ್ಬಾಕಿ, ಆಕಿಗೆ ಲಾಡಸಾಬ ಅಂತ ಒಬ್ಬ ಮಗ. ಹೇಳಿದ್ದು ಬಿಟ್ಟು ಒಂದು ಕೂದಲೆಳಿ ಆಕಡೆ ಈಕಡೆ ಹೋಗಾವಲ್ಲ. ಆಕಿ ನಸೀಬ ನೋಡ್ರಿ!

ಉಳ್ಳವರು ಬಡವರಿಗಂತ ತಗದಿಟ್ಟ ಜಕಾತಿನಾಗ ಕಾಶೀಂಬಿ ಹೊಲಿಗಿ ಕೇಂದ್ರ ನಡಸ್ತಿದ್ಲು. ಜಕಾತು ಕೊಡೋ ಸಾಹೇಬ್ರು ಹೇಳಿ ಕಳಿಸಿದ್ರು: "ನಿಮ್ಮ ಕೇಂದ್ರದಿಂದ ಮಂದಿಗೆ ಏನು ಒಳ್ಳೇದಾಗೈತಿ, ತೋರಿಸ್ರಿ. ಆಮ್ಯಾಲ ಹೊಸಾ ಮಷೀನು." ಹೊಸಾ ಮಷೀನು ಯಾರಿಗೆ? ಗಂಡ ಸತ್ತ ಮೆಹಬೂಬಿಗೆ. ಪಾಪ, ದಿನಾ ಬಂದು ಬಾಗಲದಾಗ ಕುಂಡರ್ತಿದ್ಲು.

"ಲಾಡ್ಯಾ, ನಮ್ಮಲ್ಲಿ ಹೊಲಿಯೋರ ಮನಿಗೆ ಹೋಗು. ಒಲಿ ಉರೀತೈತೇನು, ನೋಡ್ಕೊಂಡು ಬಾ."

ಹ್ವಾದ. ನೋಡಿದ. ಓಡಿ ಬಂದ.

"ಅಮ್ಮಾ! ಒಂದು ಮನ್ಯಾಗೂ ಒಲಿ ಉರಿಯಂಗಿಲ್ಲ! ಎಲ್ಲಾರೂ ಉಪಾಸ!"

"ರಂಜಾನ್ ಐತಲ್ಲೋ ಹುಚ್ಚಾ! ನಡು ಮಧ್ಯಾಹ್ನ ಯಾರು ಒಲಿ ಹಚ್ತಾರ? ನೀನೂ ರೋಜಾ ಇದ್ದೀಯಲ್ಲೋ! ಹೊತ್ತು ಮುಳುಗಿದ ಕೂಡ್ಲೆ ಹೋಗು, ತಾಟು ನೋಡು."

ಹೊತ್ತು ಮುಳುಗಿತು. ಹ್ವಾದ. ನೋಡಿದ. ಓಡಿ ಬಂದ.

"ಅಮ್ಮಾ! ಬರೇ ಖರ್ಜೂರ, ನೀರು! ಅಷ್ಟ!"

"ಅದು ರೋಜಾ ಬಿಡೋದೋ! ಊಟ ನಮಾಜ್ ಆದ ಮ್ಯಾಲ! ತಾಟು ನೋಡಬ್ಯಾಡ ನೀನು. ಮದ್ಲ ಹೆಂಗಿದ್ರಿ, ಈಗ ಹೆಂಗದೀರಿ ಅಂತ ಬಾಯಿ ಬಿಟ್ಟು ಕೇಳು!"

ಕೇಳಿದ. ಓಡಿ ಬಂದ.

"ಅಮ್ಮಾ! ನಮ್ಮಲ್ಲಿ ಹೊಲಿಯೋ ಖತೀಜಾ ಖಾಲಾಗ ಮದ್ಲ ಬಾಯಿ ತುಂಬ ಹಲ್ಲು ಇದ್ದುವಂತ. ಈಗ ಒಂದೂ ಇಲ್ಲ! ಕೇಂದ್ರ ಮುಚ್ಚೋದ ಚಲೋ."

"ನನ್ನ ಜೀವಾ ತಿನ್ನಾಕ ಹುಟ್ಟೀಯೇನೋ! ಯಾರನ್ನೂ ಏನೂ ಕೇಳಬ್ಯಾಡ. ಹ್ವಾದ ವರ್ಷ ಜಕಾತಿಗೆ ಕೈ ಒಡ್ಡಿದವರು ಈ ವರ್ಷ ಒಡ್ಡಂಗಿಲ್ಲ ಅಂದ್ರ, ಅದ ನಮ್ಮ ಕೆಲಸದ ಗುರುತು. ನಾಳೆ ಸಾಹೇಬ್ರಿಗೆ ಅಂಥವರನ್ನ ತೋರಿಸು. ಸಾಕು!"

ಮರುದಿನ ಸಾಹೇಬ್ರು ಬಂದ್ರು. ಕಾಶೀಂಬಿ ಬುರ್ಖಾ ಹಾಕ್ಕೊಂಡು ಹೊರಗ ಬರೋದ್ರಾಗ ಲಾಡಸಾಬ ಅವರನ್ನ ಕರ್ಕೊಂಡು ನಡದಬಿಟ್ಟಿದ್ದ. ಖತೀಜಾ ಮನಿ ದಾಟಿದ, ಮಷೀನು ಕಟಕಟ ಅಂತಿತ್ತು, ಹೊಳ್ಳಿ ನೋಡಲಿಲ್ಲ. ನೆಟ್ಟಗ ಖಬರಸ್ತಾನಕ್ಕ!

"ಇಲ್ಲಿ ಹಜರತಬಿ ಅಜ್ಜಿ. ಹ್ವಾದ ವರ್ಷ ಕೈ ಒಡ್ಡಿದ್ಲು, ಈ ವರ್ಷ ಇಲ್ಲ. ಇಲ್ಲಿ ದಾವಲಸಾಬ. ಅಂವಾ ಭಾಳ ಕಾಡ್ತಿದ್ದ, ಈಗ ತಕರಾರ ಇಲ್ಲ. ಎಲ್ಲಾರೂ ಸುಧಾರಿಸ್ಯಾರ್ರಿ!"

ಸಾಹೇಬ್ರು ಏನು ಮಾಡಬೇಕು? ಗೋರಿ ಮುಂದ ಬಂದಾಗಿತ್ತು. ಎರಡೂ ಅಂಗೈ ಮ್ಯಾಲೆತ್ತಿ ಸತ್ತವರಿಗಂತ ದುವಾ ಮಾಡಾಕ ನಿಂತ್ರು.

ಅಷ್ಟರಾಗ ಕಾಶೀಂಬಿ ಏದುಸಿರು ಬಿಡ್ಕೋತ ಗೇಟಿಗೆ ಬಂದ್ಲು, ಹಿಂದ ಮೆಹಬೂಬಿ.

"ಎಲ್ಲಿಗೆ ಕರ್ಕೊಂಡು ಬಂದ್ಯೋ! ಈಕಿ ಮಷೀನು ಮಣ್ಣು ಮಾಡಿದ್ಯಲ್ಲೋ!"

"ಸಿಟ್ಟಾಗಬ್ಯಾಡಮ್ಮಾ," ಅಂದ ಲಾಡಸಾಬ. ಕಿಸೆದಾಗಿನ ರೂಪಾಯಿ ತಗದು ಸಾಹೇಬ್ರ ಅಂಗೈಮ್ಯಾಲ ಇಟ್ಟ. "ಇಷ್ಟು ಮಂದ್ಯಾಗ ಕೈ ಒಡ್ಡಿದವರು ಇವರೊಬ್ರ!"