ತೂಬಿನ ಹಲಗೆ

"ಗುರುಗಳೇ, ನನಗೆ ಸಾಕಾಗಿ ಹೋಯಿತು," ಎನ್ನುತ್ತಲೇ ಶಿಷ್ಯ ಬಂದು ನಮಸ್ಕರಿಸಿದ. ಅವನು ಒಂದು ಪುಟ್ಟ ರಾಜ್ಯದ ಮಂತ್ರಿ. "ಪಕ್ಕದ ದೊಡ್ಡ ರಾಜ್ಯದಿಂದ ಅಕ್ಕಿ, ಕಬ್ಬಿಣ ಬಾರದಿದ್ದರೆ ನಮಗೆ ಬದುಕಿಲ್ಲ. ಬರುವ ಗಾಡಿಗಳ ಹಿಂದೆಯೇ ಅವರ ಬೇಹುಗಾರರೂ ಬರುತ್ತಾರೆ. ಗಡಿಯಾಚೆ ದಂಡು ನಿಂತಿದೆ. ನಾಳೆ ನಾನು ಅರಸರಿಗೆ ಉತ್ತರ ಹೇಳಬೇಕು. ಗಡಿಯ ಬಾಗಿಲು ಮುಚ್ಚಿಸಲೋ, ತೆರೆದೇ ಇಡಲೋ? ಒಂದು ಮಾತು ಹೇಳಿಬಿಡಿ."

ಗುರುಗಳು ಜಪಮಣಿ ಕೆಳಗಿಟ್ಟು ಹೇಳತೊಡಗಿದರು.

ಸಮುದ್ರದ ದಂಡೆಯಲ್ಲಿ ಉಪ್ಪು ಬೆಳೆಯುವ ರೈತನೊಬ್ಬನಿದ್ದ. ಅವನ ಗದ್ದೆಗೂ ಸಮುದ್ರಕ್ಕೂ ನಡುವೆ ಮಣ್ಣಿನ ಒಡ್ಡು, ಒಡ್ಡಿನಲ್ಲೊಂದು ತೂಬು, ತೂಬಿಗೊಂದು ಹಲಗೆ. ಉಬ್ಬರ ಬಂದಾಗ ಹಲಗೆ ಎತ್ತಿ ಬೇಕಾದಷ್ಟು ನೀರು ಬಿಟ್ಟುಕೊಳ್ಳಬೇಕು, ಮತ್ತೆ ಇಳಿಸಬೇಕು. ಉಬ್ಬರವೋ ದಿನಕ್ಕೊಂದು ಹೊತ್ತಿಗೆ ಬರುತ್ತಿತ್ತು. ಒಂದು ದಿನ ಪೂಜೆಗೆ ಕೂತಾಗ, ಇನ್ನೊಂದು ದಿನ ಅನ್ನ ಕಲಸಿದಾಗ. ಎಂಜಲು ಕೈಯಲ್ಲೇ ಓಡಿ ಓಡಿ ರೈತ ರೋಸಿಹೋದ. ಇದರ ಸಹವಾಸವೇ ಬೇಡವೆಂದು ಹಲಗೆಗೆ ಮೊಳೆ ಹೊಡೆದ.

ಹದಿನೈದು ದಿನಕ್ಕೆ ಗದ್ದೆ ಬಿರುಕು ಬಿಟ್ಟಿತು. ಉಪ್ಪಿಗೆ ಬಂದ ವರ್ತಕ ಬರಿಯ ಚೀಲ ಮಡಚಿಕೊಂಡು ಹೋದ. ಒಲೆ ಹೊತ್ತಲಿಲ್ಲ. ಸಿಟ್ಟಿಗೆದ್ದ ರೈತ ಹಲಗೆಯನ್ನೇ ಕಿತ್ತೆಸೆದ. ಅಮಾವಾಸ್ಯೆಯ ಉಬ್ಬರ ಬಂತು. ಅರ್ಧ ಒಡ್ಡು ಕೊಚ್ಚಿಹೋಯಿತು, ನೀರು ಅಡುಗೆಮನೆಯ ಹೊಸಿಲು ದಾಟಿತು.

ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಮೊನ್ನೆ ಸಮುದ್ರದ ಜೊತೆ ಠೂ ಬಿಟ್ಟಿರಿ. ಇವತ್ತು ಅಳಿಯನನ್ನು ಕರೆದ ಹಾಗೆ ಒಳಕ್ಕೇ ಕರೆದಿರಿ. ಅದಕ್ಕೇನೂ ಆಗಿಲ್ಲ ನೋಡಿ. ಕೊಚ್ಚಿಹೋದದ್ದೆಲ್ಲ ನಮ್ಮದು."

"ಮತ್ತೇನು ಮಾಡಲಿ ಮಾರಾಯ್ತಿ? ಸಾಯುವವರೆಗೂ ಅದರ ಹೊತ್ತಿಗೆ ಕುಣಿಯಲೇ?"

"ಕುಣಿಯಬೇಡಿ. ಹಲಗೆ ಎಲ್ಲಿ ಬಿತ್ತೋ ಹುಡುಕಿ ತನ್ನಿ."

ರೈತ ಗೊಣಗುತ್ತಲೇ ಒಡ್ಡು ಕಟ್ಟಿದ, ಮೊದಲಿಗಿಂತ ಒಂದು ಗೇಣು ಎತ್ತರಕ್ಕೆ. ಗೊಣಗುತ್ತಲೇ ಹಲಗೆ ಎತ್ತಿದ, ಇಳಿಸಿದ. ಭಗವಂತನ ದಯೆ, ಬಿಸಿಲು ಬಲಿತಾಗ ಗದ್ದೆ ಬೆಳ್ಳಗಾಯಿತು.

ಶಿಷ್ಯ ಹಣೆ ಚಚ್ಚಿಕೊಂಡ. "ಅಂದರೆ ಮುಚ್ಚುವ ಹಾಗೂ ಇಲ್ಲ, ತೆರೆದಿಡುವ ಹಾಗೂ ಇಲ್ಲ! ದಿನಾ ಇದೇ ಗೋಳೇ, ಗುರುಗಳೇ?"

"ಮಗೂ, ಸಮುದ್ರವನ್ನು ಮಗ್ಗುಲಲ್ಲಿಟ್ಟ ದೇವರೇ ಹಲಗೆ ಎತ್ತಿ ಇಳಿಸಲು ನಿನಗೆ ಎರಡು ಕೈಗಳನ್ನೂ ಕೊಟ್ಟಿದ್ದಾನೆ."